ಚೊಂಗ್‌ಚಿಂಗ್ ಹಾಟ್‌ಪಾಟ್‌ನ ಕೆಂಪು ಮಸಾಲೆ ಮನೆಯಲ್ಲೇ ಮಾಡುವುದು ಹೇಗೆ

ಹಾಟ್‌ಪಾಟ್ ಅಂದರೆ ಮೇಜಿನ ಮೇಲೆ ಕುದಿಯುತ್ತಿರುವ ಸಾರಿನಲ್ಲಿ ಮಾಂಸ, ತರಕಾರಿ ಅದ್ದಿ ಬೇಯಿಸಿಕೊಂಡು ತಿನ್ನುವ ಚೀನಾದ ಊಟ. ಅದರ ಮಸಾಲೆ ಮೊದಲ ಸಲ ಮಾಡಿದಾಗ ನಾನು ಒಣಮೆಣಸಿನಕಾಯಿಯನ್ನು ಮಿಕ್ಸಿಯಲ್ಲಿ ಪುಡಿ ಮಾಡಿ, ಚೆನ್ನಾಗಿ ಕಾದ ಎಣ್ಣೆಗೆ ಸುರಿದೆ. ನಮ್ಮ ಒಗ್ಗರಣೆಯ ಅಭ್ಯಾಸ ಅದು. ಎಣ್ಣೆ ಕಾಯಬೇಕು, ಚಟಪಟ ಅನ್ನಬೇಕು, ಇಳಿಸಬೇಕು. ಅರ್ಧ ನಿಮಿಷದಲ್ಲಿ ಪುಡಿ ಕಪ್ಪಾಯಿತು. ಘಾಟಿಗೆ ಮನೆಯವರೆಲ್ಲ ಕೆಮ್ಮುತ್ತಾ ಬಾಲ್ಕನಿಗೆ ಹೋದರು. ಅದಕ್ಕೇ ನೀರು ಹಾಕಿ ಕುದಿಸಿದೆ. ಖಾರ ಬಂತು, ಜೊತೆಗೆ ಕಹಿಯೂ ಬಂತು. ಘಮ ಮಾತ್ರ ಇರಲಿಲ್ಲ.

ಆಮೇಲೆ ಏಳೆಂಟು ಸಲ ಮಾಡಿದ ಮೇಲೆ ಒಂದು ವಿಷಯ ಗಟ್ಟಿಯಾಯಿತು. ಹಾಟ್‌ಪಾಟ್‌ನ ರುಚಿ ಇರುವುದು ಎಣ್ಣೆಯಲ್ಲಿ. ಮೆಣಸಿನಕಾಯಿಯ ಕೆಂಪು, ಅದರ ಖಾರ, ಮಸಾಲೆ ಸಾಮಾನಿನ ಪರಿಮಳ, ಎಲ್ಲವೂ ಎಣ್ಣೆಯಲ್ಲಿ ಕರಗುವಂಥವು. ನೀರಿನಲ್ಲಿ ಅವು ಸರಿಯಾಗಿ ಬಿಡುವುದಿಲ್ಲ. ಹಾಗಾಗಿ ನಮ್ಮ ಕೆಲಸ ಇಷ್ಟೇ: ಒಂದೊಂದೇ ಸಾಮಾನಿನಲ್ಲಿರುವ ನೀರನ್ನು ಸಣ್ಣ ಉರಿಯಲ್ಲಿ ಓಡಿಸಿ, ಅದರ ಸಾರವನ್ನು ಎಣ್ಣೆಗೆ ಇಳಿಸುವುದು. ಇದಕ್ಕೆ ಒಲೆಯ ಮುಂದೆ ಸುಮಾರು ಒಂದೂವರೆ ಗಂಟೆ ಬೇಕು. ಒಂದು ರಾತ್ರಿ ಸುಮ್ನೆ ಬಿಡಬೇಕು. ಅಷ್ಟು ಸಮಯ ಇಲ್ಲದ ದಿನ ಶುರು ಮಾಡಬೇಡಿ.

ಚೀನಾದಲ್ಲಿ ಹಾಟ್‌ಪಾಟ್ ಊರಿಗೊಂದು ಬಗೆ. ಬೀಜಿಂಗ್‌ನಲ್ಲಿ ತಾಮ್ರದ ಪಾತ್ರೆಯಲ್ಲಿ ಬರೀ ತಿಳಿ ನೀರು, ಕುರಿ ಮಾಂಸ. ನಾನು ಹೇಳುತ್ತಿರುವುದು ಚೊಂಗ್‌ಚಿಂಗ್‌ನ ಕೆಂಪು ಹಾಟ್‌ಪಾಟ್. ಜಿಯಾಲಿಂಗ್ ನದಿ ಯಾಂಗ್‌ತ್ಸೆಯನ್ನು ಸೇರುವ ಜಾಗದಲ್ಲಿರುವ ಬೆಟ್ಟದ ಊರು ಅದು. 1997ರ ತನಕ ಸಿಚುವಾನ್ ಪ್ರಾಂತ್ಯದ ಭಾಗವಾಗಿತ್ತು, ಈಗ ನೇರವಾಗಿ ಕೇಂದ್ರ ಸರ್ಕಾರದ ಕೆಳಗಿದೆ. ಅಲ್ಲಿನ ಚಾವ್‌ಥಿಯೆನ್‌ಮೆನ್ ದಡದಲ್ಲಿ ದೋಣಿ ನಡೆಸುವವರು, ಮೂಟೆ ಹೊರುವವರು ಬೇರೆಯವರು ಬಿಸಾಡುತ್ತಿದ್ದ ದನದ ಹೊಟ್ಟೆ, ಕರುಳಿನ ಭಾಗಗಳನ್ನು ಅಗ್ಗಕ್ಕೆ ತಂದು, ಖಾರದ ಕೊಬ್ಬಿನಲ್ಲಿ ಅದ್ದಿ ತಿನ್ನುತ್ತಿದ್ದರು ಎಂದು ಆ ಊರಿನವರು ಹೇಳುತ್ತಾರೆ. ಆ ವಾಸನೆ ಅಡಗಿಸಲು ಮಸಾಲೆ ಜೋರಾಗಿರಬೇಕಿತ್ತು. ನದಿ ದಡದ ತೇವಕ್ಕೆ, ಚಳಿಗೆ ಮೈ ಬಿಸಿಯಾಗಬೇಕಿತ್ತು. ಇವತ್ತಿಗೂ ಚೊಂಗ್‌ಚಿಂಗ್‌ನಲ್ಲಿ ಹಾಟ್‌ಪಾಟ್ ಅಂದರೆ ಮೊದಲು ತರಿಸುವುದು ಆ ಹೊಟ್ಟೆಯ ತುಂಡನ್ನೇ.

ಈ ರುಚಿಗೆ ಅಲ್ಲಿಯ ಹೆಸರು ಮಾಲಾ. 'ಮಾ' ಅಂದರೆ ನಾಲಿಗೆ ಜುಮ್ಮೆನ್ನುವುದು, 'ಲಾ' ಅಂದರೆ ಖಾರ. ಎರಡೂ ಸಮನಾಗಿ ಇರಬೇಕು.

ಸಾಮಾನು

ಈ ಅಳತೆಯಲ್ಲಿ ಸುಮಾರು 1 ಕೆಜಿ ಮಸಾಲೆ ಬರುತ್ತದೆ. ನಾಲ್ಕು ಜನ ಮೂರರಿಂದ ನಾಲ್ಕು ಸಲ ಊಟ ಮಾಡಬಹುದು.

ಕೊಬ್ಬು ಮತ್ತು ಎಣ್ಣೆ ಸೇರಿ 600 ಗ್ರಾಂ
ಒಣಮೆಣಸಿನಕಾಯಿ 150 ಗ್ರಾಂ (ಬ್ಯಾಡಗಿ 100, ಗುಂಟೂರು 50)
ಪಿಶಿಯೆನ್ ದೋಬಾನ್‌ಜಿಯಾಂಗ್ (ಕಾಳು, ಮೆಣಸಿನಕಾಯಿ ಹುದುಗಿಸಿದ ಪೇಸ್ಟ್) 200 ಗ್ರಾಂ
ಕೆಂಪು ಹುವಾಜಿಯಾವ್ (ಸಿಚುವಾನ್ ಪೆಪ್ಪರ್) 40 ಗ್ರಾಂ, ಹಸಿರು ಹುವಾಜಿಯಾವ್ 15 ಗ್ರಾಂ
ಬೆಳ್ಳುಳ್ಳಿ 80 ಗ್ರಾಂ, ಶುಂಠಿ 60 ಗ್ರಾಂ
ಈರುಳ್ಳಿ 1, ಈರುಳ್ಳಿ ಸೊಪ್ಪು ಒಂದು ಹಿಡಿ, ಕೊತ್ತಂಬರಿ ದಂಟು ಸ್ವಲ್ಪ
ದೋಚಿ (ಹುದುಗಿಸಿದ ಕಪ್ಪು ಸೋಯಾ ಕಾಳು) 25 ಗ್ರಾಂ
ಕಲ್ಲುಸಕ್ಕರೆ 30 ಗ್ರಾಂ
ಬೈಜಿಯು (ಚೀನಾದ ಧಾನ್ಯದ ಮದ್ಯ) ಅಥವಾ ವೋಡ್ಕಾ 40 ಮಿಲಿ
ಲಾವ್‌ಜಾವ್ (ಹುದುಗಿಸಿದ ಸಿಹಿ ಅಂಟಕ್ಕಿ) 60 ಗ್ರಾಂ, ಸಿಕ್ಕರೆ
ಚಕ್ರಮೊಗ್ಗು 4, ಚಕ್ಕೆ 2 ಅಂಗುಲ, ಲವಂಗ 4, ಸೋಂಪು 1 ದೊಡ್ಡ ಚಮಚ, ತ್ಸಾವ್‌ಗುವೋ (ಚೀನಾದ ದೊಡ್ಡ ಏಲಕ್ಕಿ) 2, ಬಿಳಿ ಏಲಕ್ಕಿ 3, ಬೇ ಎಲೆ 3

ಉಪ್ಪು ಮರೆತಿಲ್ಲ. ದೋಬಾನ್‌ಜಿಯಾಂಗ್ ಮತ್ತು ದೋಚಿ ಎರಡರಲ್ಲೂ ಉಪ್ಪು ಜಾಸ್ತಿ ಇರುತ್ತದೆ. ಮಸಾಲೆಗೆ ಬೇರೆ ಉಪ್ಪು ಬೇಡ.

ಯಾವುದಕ್ಕೆ ಬದಲಿ ಇದೆ, ಯಾವುದಕ್ಕೆ ಇಲ್ಲ

ದೋಬಾನ್‌ಜಿಯಾಂಗ್‌ಗೆ ಬದಲಿ ಇಲ್ಲ. ಇದು ಅವರೆಯ ಹಾಗೆ ದಪ್ಪಗಿರುವ ಬ್ರಾಡ್ ಬೀನ್ಸ್ ಕಾಳು, ಮೆಣಸಿನಕಾಯಿ, ಉಪ್ಪು, ಗೋಧಿ ಹಿಟ್ಟು ಸೇರಿಸಿ ಹುದುಗಿಸಿದ ಪೇಸ್ಟ್. ಸಿಚುವಾನ್‌ನ ರಾಜಧಾನಿ ಚೆಂಗ್ಡು ಪಕ್ಕದ ಪಿಶಿಯೆನ್‌ನದು ಹೆಸರುವಾಸಿ. ಮಣ್ಣಿನ ದೊಡ್ಡ ಹಂಡೆಗಳಲ್ಲಿ ಹಾಕಿ, ಹಗಲು ಮಗುಚುತ್ತಾರೆ, ರಾತ್ರಿ ಇಬ್ಬನಿಗೆ ತೆರೆದಿಡುತ್ತಾರೆ, ಬಿಸಿಲಿಗೆ ಒಡ್ಡುತ್ತಾರೆ, ಮಳೆ ಬಂದರೆ ಮುಚ್ಚುತ್ತಾರೆ. ನಮ್ಮ ಅಜ್ಜಿಯರು ಉಪ್ಪಿನಕಾಯಿ ಜಾಡಿಯನ್ನು ನೋಡಿಕೊಳ್ಳುತ್ತಿದ್ದ ಹಾಗೆ. ಹಳೆಯದಾದಷ್ಟೂ ಬಣ್ಣ ಕಂದಾಗುತ್ತದೆ, ರುಚಿ ಆಳವಾಗುತ್ತದೆ. ಹಾಟ್‌ಪಾಟ್‌ಗೆ ಕೆಂಪಗಿರುವ ಎಳೆಯದೇ ಸಾಕು, ಬಣ್ಣ ಚೆನ್ನಾಗಿ ಬರುತ್ತದೆ. ದೊಡ್ಡ ಊರುಗಳ ಏಷ್ಯನ್ ಸಾಮಾನಿನ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಪ್ಯಾಕೆಟ್ ಹಿಂದೆ ಓದಿ. ವಿನೆಗರ್, ಬೆಳ್ಳುಳ್ಳಿ, ಸಕ್ಕರೆ ಮುಂದೆ ಇದ್ದರೆ ಅದು ಬೇರೆ ಏನೋ ಸಾಸ್. ನಮ್ಮ ಅಂಗಡಿಗಳ ಶೆಜ್ವಾನ್ ಚಟ್ನಿ ಭಾರತದ ಚೈನೀಸ್ ಅಡುಗೆಯದು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅದನ್ನು ಹಾಕಿದರೆ ಹುಳಿ ಸಾರು ಆಗುತ್ತದೆ.

ಮೆಣಸಿನಕಾಯಿಯಲ್ಲಿ ನಾವು ಪುಣ್ಯವಂತರು. ಸಿಚುವಾನ್‌ನವರು ಬಣ್ಣ ಮತ್ತು ಘಮಕ್ಕೆ ಅರ್‌ಜಿಂಗ್‌ತ್ಯಾವ್ ಎಂಬ ಉದ್ದನೆಯ ಕಾಯಿ ಹಾಕುತ್ತಾರೆ, ಖಾರಕ್ಕೆ ಬೇರೆ ಚಿಕ್ಕ ಕಾಯಿ. ನಮ್ಮಲ್ಲಿ ಮೊದಲನೆಯ ಜಾಗಕ್ಕೆ ಬ್ಯಾಡಗಿ ಸರಿಯಾಗಿ ಕೂರುತ್ತದೆ. ಕಡ್ಡಿ, ಡಬ್ಬಿ ಎರಡರಲ್ಲಿ ಡಬ್ಬಿ ಸಿಕ್ಕರೆ ಅದನ್ನೇ ತನ್ನಿ. ಬಣ್ಣ ಗಾಢ. ಖಾರಕ್ಕೆ ಗುಂಟೂರು. ಎರಡೂ ದೇಶಕ್ಕೆ ಮೆಣಸಿನಕಾಯಿ ಬಂದಿದ್ದು ಅಮೆರಿಕ ಖಂಡದಿಂದ, ಅದೂ 16ನೇ ಶತಮಾನದಲ್ಲಿ. ಅದಕ್ಕೆ ಮುಂಚೆ ಸಿಚುವಾನ್‌ನಲ್ಲಿ 'ಲಾ' ಕೊಡಲು ಈ ಕಾಯಿ ಇರಲಿಲ್ಲ. 'ಮಾ' ಕೊಡುವ ಹುವಾಜಿಯಾವ್ ಮಾತ್ರ ಅಲ್ಲಿಯದೇ, ಬಹಳ ಹಳೆಯದು.

ಈ ಹುವಾಜಿಯಾವ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಸಿಚುವಾನ್ ಪೆಪ್ಪರ್ ಎಂದು ಮಾರುತ್ತಾರೆ, ಆದರೆ ಇದಕ್ಕೂ ಕಾಳುಮೆಣಸಿಗೂ ನೆಂಟಸ್ತನ ಇಲ್ಲ. ನಿಂಬೆ, ಕಿತ್ತಳೆ ಕುಟುಂಬದ ಗಿಡ ಇದು. ನಾವು ತಿನ್ನುವುದು ಒಡೆದ ಸಿಪ್ಪೆಯನ್ನು. ಅದರಲ್ಲಿರುವ ಸಾನ್‌ಶೂಲ್ ಎಂಬ ವಸ್ತು ನಾಲಿಗೆಯ ಸ್ಪರ್ಶದ ನರಗಳನ್ನು ತಟ್ಟುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದ ಪ್ರಕಾರ, ಆ ಜುಮ್ಮೆನ್ನುವಿಕೆ ಸೆಕೆಂಡಿಗೆ ಸುಮಾರು 50 ಸಲ ಕಂಪಿಸಿದ ಹಾಗೆ ತುಟಿಗೆ ಅನ್ನಿಸುತ್ತದೆ. ಕೆಂಪು ಬಗೆಗೆ ಸಿಚುವಾನ್‌ನ ಹಾನ್‌ಯುವಾನ್, ಹಸಿರಿಗೆ ಚೊಂಗ್‌ಚಿಂಗ್‌ನ ಜಿಯಾಂಗ್‌ಜಿನ್ ಹೆಸರುವಾಸಿ. ಕೆಂಪಿನದು ಬೆಚ್ಚನೆಯ, ಮರದ ಹಾಗಿನ ಘಮ. ಹಸಿರಿನದು ನಿಂಬೆಸಿಪ್ಪೆಯ ಘಮ.

ಕರಾವಳಿಯವರಿಗೆ ಈ ಜುಮ್ ಹೊಸದಲ್ಲ. ಕೊಂಕಣಿ ಮನೆಗಳಲ್ಲಿ ಬಂಗುಡೆ ಸಾರಿಗೆ ಜಜ್ಜಿ ಹಾಕುವ ತೆಪ್ಪಳ, ಅಂದರೆ ಜುಮ್ಮನಕಾಯಿ, ಇದರ ಹತ್ತಿರದ ಬಂಧು. ಹೆಸರಲ್ಲೇ ಜುಮ್ ಇದೆ, ನೋಡಿ. ಹುವಾಜಿಯಾವ್ ಸಿಗದಿದ್ದರೆ ತೆಪ್ಪಳ ಹಾಕಿ ನೋಡಬಹುದು. ಘಮ ಬೇರೆ ಬರುತ್ತದೆ, ಹಾಗಾಗಿ ಅರ್ಧ ಅಳತೆಯಿಂದ ಶುರು ಮಾಡಿ. ನೇಪಾಳದ ತಿಮುರ್ ಇನ್ನೂ ಹತ್ತಿರ, ಹಸಿರು ಬಗೆಯ ಜಾಗಕ್ಕೆ ಚೆನ್ನಾಗಿ ಒಗ್ಗುತ್ತದೆ. ಯಾವುದನ್ನೇ ತಂದರೂ ಒಳಗಿನ ಕಪ್ಪು ಬೀಜ ಆರಿಸಿ ತೆಗೆಯಿರಿ. ಅದು ಹಲ್ಲಿಗೆ ಮರಳಿನ ಹಾಗೆ ಸಿಗುತ್ತದೆ.

ಇನ್ನು ಕೊಬ್ಬು. ಚೊಂಗ್‌ಚಿಂಗ್‌ನಲ್ಲಿ ದನದ ಕೊಬ್ಬು, ಅದೇ ನ್ಯೂಯೂ. ಅಲ್ಲಿಯ ಮಸಾಲೆ ತಣ್ಣಗಾದರೆ ಇಟ್ಟಿಗೆಯ ಹಾಗೆ ಗಟ್ಟಿಯಾಗುವುದು ಅದರಿಂದಲೇ. ಹೊರದೇಶದಲ್ಲಿರುವವರಿಗೆ, ತಿನ್ನುವವರಿಗೆ, 450 ಗ್ರಾಂ ಕೊಬ್ಬು, 150 ಗ್ರಾಂ ಎಣ್ಣೆ ಸರಿ. ತಿನ್ನದವರು ಏನೋ ಕಳೆದುಕೊಂಡೆವು ಅಂದುಕೊಳ್ಳಬೇಕಿಲ್ಲ. ಪೂರ್ತಿ ಎಣ್ಣೆಯಲ್ಲೇ ಮಾಡುವ ಚಿಂಗ್‌ಯೂ ಹಾಟ್‌ಪಾಟ್ ಚೆಂಗ್ಡು ಕಡೆ ಬಹಳ ಜನ ಇಷ್ಟಪಡುತ್ತಾರೆ. ಅಲ್ಲಿ ಬಳಸುವುದು ರೇಪ್‌ಸೀಡ್ ಎಣ್ಣೆ. ನಾನು 400 ಗ್ರಾಂ ಕಡಲೆಕಾಯಿ ಎಣ್ಣೆ, 200 ಗ್ರಾಂ ಸಾಸಿವೆ ಎಣ್ಣೆ ಬೆರೆಸುತ್ತೇನೆ. ಮೇಲಿನ ಪಟ್ಟಿಯಲ್ಲಿ ಬೇರೆ ಯಾವುದೂ ಮಾಂಸದ್ದಲ್ಲ. ಹಾಗಾಗಿ ಸಸ್ಯಾಹಾರಿಗಳೂ ಇದೇ ಮಸಾಲೆ ಮಾಡಿಕೊಳ್ಳಬಹುದು. ತುಪ್ಪ ಹಾಕಿ ನೋಡಿದ್ದೇನೆ. ತುಪ್ಪದ ಘಮ ಹುವಾಜಿಯಾವ್‌ಗೆ ಹೊಂದಲಿಲ್ಲ.

ಉಳಿದದ್ದು ಸುಲಭ. ತ್ಸಾವ್‌ಗುವೋ ಸಿಗದಿದ್ದರೆ ನಮ್ಮ ಕಪ್ಪು ಏಲಕ್ಕಿ. ಎರಡನ್ನೂ ಹೊಗೆಯಲ್ಲಿ ಒಣಗಿಸುವುದರಿಂದ ವಾಸನೆ ಹತ್ತಿರ. ಪಲಾವ್ ಎಲೆ ಬೇ ಎಲೆಗಿಂತ ಬೇರೆ, ಚಕ್ಕೆಯ ವಾಸನೆ ಅದರದ್ದು. ಹಾಕುವುದಾದರೆ ಒಂದೇ ಸಾಕು. ಬಿಳಿ ಏಲಕ್ಕಿ ಬದಲು ಹಸಿರು ಏಲಕ್ಕಿ ಒಂದು. ಲಾವ್‌ಜಾವ್ ಇಲ್ಲದಿದ್ದರೆ ಬಿಟ್ಟುಬಿಡಿ. ಮಸಾಲೆ ಸಾಮಾನು ಜಾಸ್ತಿ ಮಾಡುವ ಆಸೆ ಬಂದೇ ಬರುತ್ತದೆ, ನಮ್ಮ ಕೈ ಬಿರಿಯಾನಿಗೆ ಪಳಗಿದ ಕೈ. ದಯವಿಟ್ಟು ಬೇಡ. ಚಕ್ರಮೊಗ್ಗು ಆರು ಆದರೆ ಸಾರು ಕಷಾಯದ ವಾಸನೆ ಹೊಡೆಯುತ್ತದೆ.

ಮೊದಲ ಕೆಲಸ: ಮೆಣಸಿನಕಾಯಿ ಬೇಯಿಸಿ ಕುಟ್ಟುವುದು

ನಾನು ಮೊದಲ ಸಲ ತಪ್ಪಿದ್ದು ಇಲ್ಲೇ. ಒಣ ಪುಡಿಯಲ್ಲಿ ನೀರಿರುವುದಿಲ್ಲ, ಹಾಗಾಗಿ ಎಣ್ಣೆಗೆ ಬಿದ್ದ ಕೂಡಲೇ ಸೀಯುತ್ತದೆ. ಸಿಚುವಾನ್‌ನವರು ಮೆಣಸಿನಕಾಯಿಯನ್ನು ಬೇಯಿಸಿ, ಒರಳಿನಲ್ಲಿ ಕುಟ್ಟಿ ಮುದ್ದೆ ಮಾಡುತ್ತಾರೆ. ಅದಕ್ಕೆ ತ್ಸಿಬಾ ಮೆಣಸಿನಕಾಯಿ ಎಂದು ಹೆಸರು. ತ್ಸಿಬಾ ಅಂದರೆ ಕುಟ್ಟಿ ಮಾಡುವ ಅಂಟಕ್ಕಿ ಉಂಡೆ. ಮುದ್ದೆಯೊಳಗಿನ ನೀರು ಎಣ್ಣೆಯಲ್ಲಿ ನಿಧಾನಕ್ಕೆ ಆವಿಯಾಗುತ್ತಾ ಇರುತ್ತದೆ. ಆ ನೀರು ಇರುವ ತನಕ ಮೆಣಸಿನಕಾಯಿಯ ಬಿಸಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುತ್ತದೆ, ಸೀಯುವುದಿಲ್ಲ. ಅಷ್ಟು ಹೊತ್ತೂ ಬಣ್ಣ, ಘಮ ಎಣ್ಣೆಗೆ ಇಳಿಯುತ್ತಾ ಇರುತ್ತವೆ.

ತೊಟ್ಟು ತೆಗೆದು, ಕತ್ತರಿಯಲ್ಲಿ ಎರಡು ಮೂರು ತುಂಡು ಮಾಡಿ, ಜರಡಿಯಲ್ಲಿ ಅಲ್ಲಾಡಿಸಿ ಬೀಜ ಉದುರಿಸಿ. ಎಲ್ಲ ಬೀಜವೂ ಹೋಗಬೇಕೆಂದಿಲ್ಲ. ಕುದಿಯುವ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ 10 ನಿಮಿಷ ಬೇಯಿಸಿ. ಒಲೆ ಆರಿಸಿ ಇನ್ನೊಂದು 20 ನಿಮಿಷ ಮುಚ್ಚಿಡಿ. ಸಿಪ್ಪೆ ಬೆರಳಲ್ಲಿ ಒತ್ತಿದರೆ ಮೆತ್ತಗೆ ಬಾಗಬೇಕು. ಆಮೇಲೆ ಜರಡಿಗೆ ಸುರಿದು ಅರ್ಧ ಗಂಟೆ ನೀರು ಬಸಿಯಲು ಬಿಡಿ.

ಕುಟ್ಟಲು ಒರಳು ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಮಿಕ್ಸಿಯಾದರೆ ನೀರು ಸೇರಿಸದೆ, ಒಂದೊಂದೇ ಸೆಕೆಂಡು ತಿರುಗಿಸಿ ನಿಲ್ಲಿಸಿ. ಸಿಪ್ಪೆಯ ಚೂರು ಕಣ್ಣಿಗೆ ಕಾಣಬೇಕು. ಚಟ್ನಿಯಷ್ಟು ನುಣ್ಣಗಾದರೆ ತಳ ಹಿಡಿಯುತ್ತದೆ, ಸಾರೂ ಮಡ್ಡಿಯಾಗುತ್ತದೆ. ಕೈಗೆ ಕವಚ ಹಾಕಿಕೊಳ್ಳಿ. ಆ ಕೈಯಲ್ಲಿ ಕಣ್ಣು ಮುಟ್ಟಿದರೆ ಆ ದಿನದ ಅಡುಗೆ ಅಲ್ಲಿಗೇ ನಿಲ್ಲುತ್ತದೆ.

ಎರಡನೆಯದು: ಮಸಾಲೆಗೆ ನೀರು ಕುಡಿಸುವುದು

ಕಾರಣ ಅದೇ. ಚಕ್ಕೆ, ಚಕ್ರಮೊಗ್ಗು, ಲವಂಗ, ಸೋಂಪು, ಜಜ್ಜಿದ ಏಲಕ್ಕಿ, ಹರಿದ ಎಲೆ ಎಲ್ಲವನ್ನೂ ಉಗುರುಬೆಚ್ಚಗಿನ ನೀರಿನಲ್ಲಿ 20 ನಿಮಿಷ ನೆನೆಸಿ ಬಸಿಯಿರಿ. ಮೇಲೆ ಅರ್ಧ ಬೈಜಿಯು ಚಿಮುಕಿಸಿ. ಹುವಾಜಿಯಾವ್ ಬೇರೆ ಬಟ್ಟಲಲ್ಲಿರಲಿ, ಉಳಿದ ಬೈಜಿಯು ಮತ್ತು ಎರಡು ಚಮಚ ಬಿಸಿನೀರು ಅದಕ್ಕೆ. ಮದ್ಯ ಬೇಡ ಅನ್ನುವವರು ಬರೀ ಬಿಸಿನೀರಿನಲ್ಲಿ ನೆನೆಸಬಹುದು, ಘಮ ಸ್ವಲ್ಪ ಕಡಿಮೆ ಬರುತ್ತದೆ ಅಷ್ಟೇ.

ಶುಂಠಿಯಲ್ಲಿ ಅರ್ಧ ಬಿಲ್ಲೆ, ಅರ್ಧ ಸಣ್ಣಗೆ ಕೊಚ್ಚಿದ್ದು. ಬೆಳ್ಳುಳ್ಳಿ ಪೂರ್ತಿ ಕೊಚ್ಚಿ. ದೋಚಿಯನ್ನೂ ಒರಟಾಗಿ ಕೊಚ್ಚಿಡಿ. ಎಲ್ಲವೂ ಒಲೆಯ ಪಕ್ಕ ಸಾಲಾಗಿ ಇಟ್ಟುಕೊಂಡ ಮೇಲೆಯೇ ಗ್ಯಾಸ್ ಹಚ್ಚಿ. ಒಮ್ಮೆ ಶುರುವಾದರೆ ಕೈ ಬಿಡುವಂತಿಲ್ಲ.

ಒಲೆಯ ಮುಂದೆ

ದಪ್ಪ ತಳದ ದೊಡ್ಡ ಬಾಣಲೆ ಬೇಕು. ಎಣ್ಣೆ ಹಾಕಿದಾಗ ಮೂರನೇ ಒಂದು ಭಾಗಕ್ಕಿಂತ ಮೇಲೆ ಬರಬಾರದು. ಒದ್ದೆ ಮುದ್ದೆ ಬಿದ್ದಾಗ ನೊರೆ ಎದ್ದು ಉಕ್ಕುತ್ತದೆ. ಒಲೆಯ ಮೇಲೆ ಎಣ್ಣೆ ಉಕ್ಕಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ, ಇದರಲ್ಲಿ ಮಾತ್ರ ರಾಜಿ ಬೇಡ. ಕಿಟಕಿ ತೆರೆದಿರಲಿ, ಎಕ್ಸಾಸ್ಟ್ ಓಡುತ್ತಿರಲಿ. ಮನೆಯಲ್ಲಿ ದಮ್ಮು ಇರುವವರು, ಚಿಕ್ಕ ಮಕ್ಕಳು ಇದ್ದರೆ ಆ ಹೊತ್ತಿಗೆ ಬೇರೆ ಕೋಣೆಯಲ್ಲಿರಲಿ.

ಸಾಸಿವೆ ಎಣ್ಣೆ ಅಥವಾ ರೇಪ್‌ಸೀಡ್ ಎಣ್ಣೆಯಾದರೆ ಅದನ್ನು ಮೊದಲು ಒಬ್ಬಂಟಿಯಾಗಿ ಕಾಯಿಸಿ. ತೆಳು ಹೊಗೆ ಬಂದ ಕೂಡಲೇ ಆರಿಸಿ, ಹಸಿ ಘಾಟು ಹೋಗಿರುತ್ತದೆ. 10 ನಿಮಿಷ ತಣಿಯಲಿ. ಆಮೇಲೆ ಉಳಿದ ಎಣ್ಣೆ ಅಥವಾ ಕೊಬ್ಬು ಸೇರಿಸಿ, ಮಧ್ಯಮ ಉರಿಯಲ್ಲಿ ಬಿಸಿ ಮಾಡಿ. ಶುಂಠಿ ಬಿಲ್ಲೆ ಒಂದು ಹಾಕಿ ನೋಡಿ. ಸುತ್ತ ಗುಳ್ಳೆ ಎದ್ದು ಮೆಲ್ಲಗೆ ತೇಲಿದರೆ ಹದ ಸರಿ. ಈರುಳ್ಳಿ ಹೋಳು, ಈರುಳ್ಳಿ ಸೊಪ್ಪು, ಕೊತ್ತಂಬರಿ ದಂಟು, ಉಳಿದ ಶುಂಠಿ ಬಿಲ್ಲೆ ಹಾಕಿ. ಅಂಚು ಕಂದುಬಣ್ಣಕ್ಕೆ ಬರುವ ತನಕ, 10 ನಿಮಿಷದ ಹಾಗೆ. ಎಲ್ಲವನ್ನೂ ಜಾಲರಿ ಸೌಟಿನಲ್ಲಿ ತೆಗೆದು ಬಿಸಾಡಿ. ಅವುಗಳ ಕೆಲಸ ಮುಗಿಯಿತು.

ಈಗ ಉರಿ ಪೂರ್ತಿ ಸಣ್ಣದು ಮಾಡಿ, ಐದು ನಿಮಿಷ ಕಾಯಿರಿ. ಥರ್ಮಾಮೀಟರ್ ಇದ್ದರೆ 120 ಡಿಗ್ರಿ. ಮೆಣಸಿನಕಾಯಿ ಮುದ್ದೆಯನ್ನು ಒಂದೊಂದೇ ಸೌಟು ಇಳಿಬಿಡಿ. ನೊರೆ ಏಳುತ್ತದೆ, ಇಳಿದ ಮೇಲೆ ಮುಂದಿನ ಸೌಟು. ಇಲ್ಲಿಂದ 20ರಿಂದ 25 ನಿಮಿಷ ತಳ ಕೆರೆಯುತ್ತಾ ಕೈಯಾಡಿಸಿ. ಗಡಿಯಾರಕ್ಕಿಂತ ಗುಳ್ಳೆಯನ್ನು ನಂಬಿ. ಮೊದಲು ದೊಡ್ಡ ಗುಳ್ಳೆಗಳು, ಗಟ್ಟಿ ಸದ್ದು. ಅದು ನೀರು ಹೋಗುವ ಸದ್ದು. ನಿಧಾನಕ್ಕೆ ಗುಳ್ಳೆ ಸಣ್ಣದಾಗುತ್ತದೆ, ಸದ್ದು ತೆಳುವಾಗುತ್ತದೆ, ಎಣ್ಣೆ ಕುಂಕುಮದ ಬಣ್ಣಕ್ಕೆ ತಿರುಗುತ್ತದೆ. ಬಾಣಲೆಯಿಂದ ಬರುವ ವಾಸನೆಯೂ ಬದಲಾಗುತ್ತದೆ. ಹಸಿ ಘಾಟು ಹೋಗಿ, ಹುರಿದ ಮೆಣಸಿನಕಾಯಿಯ ಸಿಹಿ ಘಮ ಬರುತ್ತದೆ. ಇಲ್ಲಿ ಅವಸರಪಟ್ಟು ಉರಿ ಏರಿಸಬೇಡಿ. ನೀರು ಮುಗಿದ ಕ್ಷಣದಿಂದ ಬಿಸಿ ಸರಸರ ಏರುತ್ತದೆ. ದೊಡ್ಡ ಉರಿಯಲ್ಲಿ ಕೆಂಪಿನಿಂದ ಕಪ್ಪಿಗೆ ಹೋಗಲು ಒಂದು ನಿಮಿಷ ಸಾಕು.

ದೊಡ್ಡ ಗುಳ್ಳೆ ಇಳಿದ ಮೇಲೆ ದೋಬಾನ್‌ಜಿಯಾಂಗ್ ಹಾಕಿ. ಇದರಲ್ಲೂ ನೀರಿದೆ, ಮತ್ತೆ ನೊರೆ ಏಳುತ್ತದೆ. 15 ನಿಮಿಷ. ಇದು ತಳ ಹಿಡಿಯುವುದರಲ್ಲಿ ಮೆಣಸಿನಕಾಯಿಗಿಂತ ಜೋರು, ಸೌಟು ನಿಲ್ಲಬಾರದು. ಕೊಚ್ಚಿದ ಶುಂಠಿ, ಬೆಳ್ಳುಳ್ಳಿ, ದೋಚಿ ಸೇರಿಸಿ ಇನ್ನು 8 ನಿಮಿಷ. ಬೆಳ್ಳುಳ್ಳಿಯ ಹಸಿ ವಾಸನೆ ಪೂರ್ತಿ ಹೋಗಬೇಕು. ಬಸಿದ ಮಸಾಲೆ ಸಾಮಾನು ಹಾಕಿ 10 ನಿಮಿಷ.

ಹುವಾಜಿಯಾವ್ ಕೊನೆಯಲ್ಲಿ. ಬೇಗ ಹಾಕಿದರೆ ಜುಮ್ಮೆನ್ನುವ ಗುಣ ಕಡಿಮೆಯಾಗಿ ಕಹಿ ಉಳಿಯುತ್ತದೆ. ಕೆಂಪು, ಹಸಿರು ಎರಡನ್ನೂ ಹಾಕಿ ಬರೀ 8 ನಿಮಿಷ. ಅದರ ಜೊತೆಗೇ ಕಲ್ಲುಸಕ್ಕರೆ, ಲಾವ್‌ಜಾವ್. ಸಕ್ಕರೆ ಸಿಹಿಗಲ್ಲ, ಖಾರದ ಚೂಪು ಅಂಚನ್ನು ಮೆತ್ತಗೆ ಮಾಡಲು. ಒಂದು ಚೂರು ಸಿಪ್ಪೆಯನ್ನು ತೆಗೆದು ತಣ್ಣಗೆ ಮಾಡಿ ಕಚ್ಚಿ ನೋಡಿ. ಹೊರಗೆ ಒಣಗಿ, ಒಳಗೆ ಎಣ್ಣೆ ಕುಡಿದು, ಬಣ್ಣ ಸ್ವಲ್ಪ ತಿಳಿಯಾಗಿದ್ದರೆ ಮುಗಿಯಿತು. ಆರಿಸಿ. ಬಾಣಲೆಯ ಬಿಸಿಯಲ್ಲೇ ಇನ್ನೂ ಸ್ವಲ್ಪ ಹುರಿಯುತ್ತದೆ, ಹಾಗಾಗಿ ಐದು ನಿಮಿಷ ಕೈಯಾಡಿಸುತ್ತಲೇ ಇರಿ.

ಒಂದು ರಾತ್ರಿ

ಪೂರ್ತಿ ತಣಿದ ಮೇಲೆ ಮುಚ್ಚಿ ಫ್ರಿಜ್‌ನಲ್ಲಿ ಒಂದು ರಾತ್ರಿ ಇಡಿ. ಮಾಡಿದ ದಿನವೇ ತಿಂದರೆ ಮೆಣಸಿನಕಾಯಿ ಬೇರೆ, ಚಕ್ಕೆ ಬೇರೆ, ಹುವಾಜಿಯಾವ್ ಬೇರೆ ಎಂದು ನಾಲಿಗೆಗೆ ತಿಳಿಯುತ್ತದೆ. ಮರುದಿನ ಎಲ್ಲ ಒಂದಾಗಿರುತ್ತದೆ. ನಿನ್ನೆಯ ಹುಳಿಸಾರು ಇವತ್ತು ರುಚಿ ಅನ್ನುವುದಿಲ್ವಾ, ಹಾಗೆ.

ಬೆಳಿಗ್ಗೆ ದೊಡ್ಡ ಚಕ್ಕೆ, ಚಕ್ರಮೊಗ್ಗು ಆರಿಸಿ ತೆಗೆಯಿರಿ. ಸಣ್ಣ ಉರಿಯಲ್ಲಿ ಕರಗಿಸಿ 250 ಗ್ರಾಂನ ಡಬ್ಬಿಗಳಿಗೆ ತುಂಬಿ. ಕೊಬ್ಬಿನದಾದರೆ ಇಟ್ಟಿಗೆಯಾಗಿ ಗಟ್ಟಿಯಾಗುತ್ತದೆ. ಬರೀ ಎಣ್ಣೆಯದು ಗೊಜ್ಜಿನ ಹಾಗೆಯೇ ಇರುತ್ತದೆ, ಮೇಲೆ ಎಣ್ಣೆ ನಿಲ್ಲಬೇಕು. ಬೆಳ್ಳುಳ್ಳಿ ಎಣ್ಣೆಯಲ್ಲಿ ಮುಳುಗಿರುವ ಯಾವುದನ್ನೂ ಹೊರಗಿನ ಶಾಖದಲ್ಲಿ ದಿನಗಟ್ಟಲೆ ಇಡಬಾರದು. ಗಾಳಿ ಇಲ್ಲದ ಕಡೆ ಬೆಳೆಯುವ ಅಪಾಯದ ಬ್ಯಾಕ್ಟೀರಿಯಾ ಅದರಲ್ಲಿ ಹುಟ್ಟಬಹುದು, ವಾಸನೆಯಿಂದ ಗೊತ್ತಾಗುವುದೂ ಇಲ್ಲ. ಈ ವಾರವೇ ಬಳಸುವ ಒಂದು ಡಬ್ಬಿ ಫ್ರಿಜ್‌ನಲ್ಲಿ, ಉಳಿದದ್ದು ಫ್ರೀಜರ್‌ನಲ್ಲಿ. ಫ್ರೀಜರ್‌ನಲ್ಲಿ ಮೂರು ತಿಂಗಳು ಘಮ ಕೆಡದೆ ಇರುತ್ತದೆ.

ಊಟದ ದಿನ

ಒಂದೂವರೆ ಲೀಟರ್ ಸಾರಿಗೆ 250 ಗ್ರಾಂ ಮಸಾಲೆ. ಖಾರ ತಿನ್ನುವವರಿಗೆ 300. ಸಾರು ಅಂದರೆ ಕೋಳಿ ಮೂಳೆ ಬೇಯಿಸಿದ ನೀರು. ಸಸ್ಯಾಹಾರಕ್ಕೆ ಮೊಳಕೆ ಬಂದ ಸೋಯಾ ಕಾಳು ಮತ್ತು ಒಣ ಶಿಟಾಕೆ ಅಣಬೆ ಹಾಕಿ ಒಂದು ಗಂಟೆ ಕುದಿಸಿ. ಆ ನೀರಿನ ರುಚಿ ಮೂಳೆಸಾರಿಗೆ ಏನೂ ಕಡಿಮೆ ಇಲ್ಲ. ಮಸಾಲೆಯ ಜೊತೆ ಹತ್ತು ಇಡೀ ಒಣಮೆಣಸಿನಕಾಯಿ, ಒಂದು ಚಮಚ ಹುವಾಜಿಯಾವ್, ಎರಡು ಶುಂಠಿ ಬಿಲ್ಲೆ ತೇಲಿಬಿಡಿ. 15 ನಿಮಿಷ ಕುದಿಸಿ, ಆಮೇಲೆ ಉಪ್ಪು ನೋಡಿ. ಕುದಿಯುತ್ತಾ ಕುದಿಯುತ್ತಾ ಉಪ್ಪು ಏರುತ್ತದೆ, ಮಸಾಲೆ ಹಾಕದ ಬಿಸಿ ಸಾರು ಪಕ್ಕದಲ್ಲಿ ಇಟ್ಟುಕೊಂಡು ಆಗಾಗ ಸೇರಿಸಿ.

ಮೇಜಿನ ಮೇಲೆ ಇಂಡಕ್ಷನ್ ಒಲೆ, ಅದರ ಮೇಲೆ ಅಗಲ ಪಾತ್ರೆ. ಚೊಂಗ್‌ಚಿಂಗ್‌ನ ಹಳೆಯ ಶೈಲಿಯ ಅಂಗಡಿಗಳಲ್ಲಿ ಪಾತ್ರೆಯೊಳಗೆ ಒಂಬತ್ತು ಮನೆಯ ಚೌಕಟ್ಟು ಇಡುತ್ತಾರೆ. ನಡುವಿನ ಮನೆ ಜೋರಾಗಿ ಕುದಿಯುತ್ತದೆ, ಬೇಗ ಬೇಯುವುದನ್ನು ಅಲ್ಲಿ ಅದ್ದುತ್ತಾರೆ. ಮೂಲೆಗಳಲ್ಲಿ ಬಿಸಿ ಕಡಿಮೆ, ಹೊತ್ತು ಹಿಡಿಯುವುದನ್ನು ಅಲ್ಲಿ ಬಿಡುತ್ತಾರೆ. ಮನೆಯಲ್ಲಿ ಚೌಕಟ್ಟು ಬೇಕಿಲ್ಲ, ಜಾಲರಿ ಸೌಟು ಎರಡು ಸಾಕು.

ಏನು ಮೊದಲು, ಏನು ಆಮೇಲೆ ಅನ್ನುವುದು ಮುಖ್ಯ. ಮಾಂಸ, ಮೀನು, ಸೀಗಡಿ, ತೋಫು, ಅಣಬೆ ಮೊದಲು. ಸಾರಿಗೆ ರುಚಿ ಕೊಡುವುದು ಇವೇ. ತಾವರೆ ಗಡ್ಡೆ ನಡುವೆ. ಆಲೂಗಡ್ಡೆ, ಶ್ಯಾವಿಗೆ ಕೊನೆಗೆ, ಇಲ್ಲದಿದ್ದರೆ ಪಿಷ್ಟ ಬಿಟ್ಟು ಸಾರು ಗಂಜಿಯಾಗುತ್ತದೆ. ಸೊಪ್ಪಿನ ವಿಷಯದಲ್ಲಿ ಎಚ್ಚರ. ಎಲೆಯ ಮಡಿಕೆಯಲ್ಲಿ ಎಣ್ಣೆಯೆಲ್ಲ ಕೂತುಕೊಳ್ಳುತ್ತದೆ, ಪಾತ್ರೆಯಲ್ಲಿ ಎಲ್ಲಕ್ಕಿಂತ ಖಾರ ಅದೇ. ಚೊಂಗ್‌ಚಿಂಗ್‌ನವರು ಹೊಟ್ಟೆಯ ತೆಳು ತುಂಡನ್ನು ಕಡ್ಡಿಯಲ್ಲಿ ಹಿಡಿದು 'ಏಳು ಸಲ ಮೇಲೆ, ಎಂಟು ಸಲ ಕೆಳಗೆ' ಅದ್ದುತ್ತಾರೆ. 15 ಸೆಕೆಂಡು, ಅಷ್ಟೇ. ಅದಕ್ಕಿಂತ ಜಾಸ್ತಿಯಾದರೆ ರಬ್ಬರ್. ಕೋಳಿ, ಮೀನಿಗೆ ಈ ಲೆಕ್ಕ ಬೇಡ, ಒಳಗೂ ಬೆಂದಿರಬೇಕು. ಹಸಿ ಮಾಂಸ ಹಿಡಿಯುವ ಕಡ್ಡಿ ಬೇರೆ, ತಿನ್ನುವ ಕಡ್ಡಿ ಬೇರೆ ಇಟ್ಟುಕೊಳ್ಳಿ.

ನೆಂಚಿಕೊಳ್ಳಲು ಎಳ್ಳೆಣ್ಣೆ. ಬಿಸಿ ಖಾರದ ತುಂಡಿಗೆ ಮತ್ತೆ ಎಣ್ಣೆ ಯಾಕೆ ಎಂದು ನನಗೂ ಅನ್ನಿಸಿತ್ತು. ಅದು ತುಂಡನ್ನು ತಣಿಸುತ್ತದೆ, ಮೇಲಿನ ಖಾರವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಪ್ರತಿಯೊಬ್ಬರಿಗೂ ಬಟ್ಟಲಲ್ಲಿ ಮೂರು ಚಮಚ ಎಳ್ಳೆಣ್ಣೆ, ಒಂದು ಚಮಚ ಜಜ್ಜಿದ ಹಸಿ ಬೆಳ್ಳುಳ್ಳಿ, ಚಿಟಿಕೆ ಉಪ್ಪು, ಬೇಕಾದರೆ ಕೊತ್ತಂಬರಿ ಮತ್ತು ಎರಡು ಹನಿ ವಿನೆಗರ್. ಚೀನಾದ ಎಳ್ಳೆಣ್ಣೆ ಹುರಿದ ಎಳ್ಳಿನದು, ಘಮ ಜೋರು. ನಮ್ಮ ಗಾಣದ ಎಣ್ಣೆ ಹುರಿಯದ ಎಳ್ಳಿನದು. ನಮ್ಮದನ್ನೇ ಬಳಸುವುದಾದರೆ ಒಂದು ಚಮಚ ಎಳ್ಳು ಕೆಂಪಗೆ ಹುರಿದು, ಕುಟ್ಟಿ, ಅದರಲ್ಲಿ ಕಲೆಸಿ. ನನಗೆ ಅದೇ ಇನ್ನೂ ಇಷ್ಟ.

ಕೆಂಪು ಸಾರನ್ನು ಬಟ್ಟಲಿಗೆ ಹಾಕಿ ಕುಡಿಯಬೇಡಿ, ಅಲ್ಲಿಯವರೂ ಕುಡಿಯುವುದಿಲ್ಲ. ಅದು ಬೇಯಿಸಲು ಇರುವ ಎಣ್ಣೆ. ಬಾಯಿ ಉರಿದರೆ ನೀರಿಗಿಂತ ತಣ್ಣನೆಯ ದಪ್ಪ ಮಜ್ಜಿಗೆ ಒಳ್ಳೆಯದು. ಹಾಲಿನ ಪ್ರೋಟೀನ್ ಖಾರವನ್ನು ಹಿಡಿದು ತೊಳೆಯುತ್ತದೆ.

ಫ್ರೀಜರ್‌ನಲ್ಲಿ ಉಳಿದ ಡಬ್ಬಿಗೆ ಹಾಟ್‌ಪಾಟ್‌ನ ದಿನವೇ ಬರಬೇಕೆಂದಿಲ್ಲ. ಮಳೆಯ ಸಂಜೆ ಒಂದು ಚಮಚ ಕರಗಿಸಿ, ಅದರಲ್ಲಿ ಎಲೆಕೋಸು ದೊಡ್ಡ ಉರಿಯಲ್ಲಿ ಬಾಡಿಸಿ ಅನ್ನದ ಜೊತೆ ತಿನ್ನಿ. ನೂಡಲ್ಸ್ ಬೇಯಿಸಿದ ನೀರಿಗೆ ಒಂದೂವರೆ ಚಮಚ ಹಾಕಿ, ಒಂದು ಮೊಟ್ಟೆ ಒಡೆದು ಬಿಡಿ. ತೋಫುಗೆ ಎರಡು ಚಮಚ, ಸ್ವಲ್ಪ ನೀರು, ಹತ್ತು ನಿಮಿಷ, ಮೇಲೆ ಈರುಳ್ಳಿ ಸೊಪ್ಪು.